ಮಾವನ ಡಬ್ಬಿ ಮತ್ತು ಪುಸ್ತಕದ ರೇಟು

ಮಾವ ಹೋಗಿ ವರ್ಷಾಂತ ಕಳೆದ ಮೇಲೆ ಅತ್ತೆ ನನ್ನನ್ನು ಕರೆಸಿ ಒಂದು ಬಿಸ್ಕೆಟ್ ಡಬ್ಬಿ, ಒಂದು ಇನ್ನೂರು ಪೇಜಿನ ನೋಟ್‌ಬುಕ್ಕು, ಮತ್ತೆ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್ ಪುಸ್ತಕ ಎದುರಿಟ್ರು. "ನಿಂಗೂ ಇದರ ಮರ್ಲು ಉಂಟಲ್ಲ ಮಗಾ, ನೋಡಿ ಹೇಳು, ಇದಕ್ಕೆಲ್ಲ ಸೇರಿ ಎಷ್ಟಾಗ್ಬಹುದು?" ಅಂತ ಕೇಳಿದ್ರು. ಡಬ್ಬಿಯಲ್ಲಿ ನಾನೂರಕ್ಕಿಂತ ಜಾಸ್ತಿ ನಾಣ್ಯ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮಾವ ತನ್ನ ಗುಂಡು ಅಕ್ಷರದಲ್ಲಿ ಒಟ್ಟು ಹಾಕಿ ಎರಡು ಗೆರೆ ಎಳೆದಿದ್ರು: 61,340 ರೂಪಾಯಿ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡ್ಲಿಕ್ಕೆ ನಂಗೆ ಎಂಟು ತಿಂಗಳು ಬೇಕಾಯ್ತು. ಆ ಎಂಟು ತಿಂಗಳಲ್ಲಿ ಗೊತ್ತಾದ್ದನ್ನು ಬರಿತಿದ್ದೇನೆ, ಯಾಕಂದ್ರೆ ನಮ್ಮ ಕಾಸರಗೋಡು ಕಡೆ ಮನೆಮನೆಯಲ್ಲೂ ಇಂಥ ಒಂದು ಡಬ್ಬಿ ಉಂಟು, ಅಜ್ಜನ ತೂತು ಮುಕ್ಕಾಲು, ಗಲ್ಫಿಂದ ಬಂದ ಅಣ್ಣ ಕೊಟ್ಟ ದಿರ್ಹಮ್ಮು, ಬ್ಯಾಂಕಲ್ಲಿ ಸಿಕ್ಕಿದ ಹೊಸ ಐದು ರೂಪಾಯಿ, ಎಲ್ಲ ಒಟ್ಟಿಗೆ.

ಮಾವನದ್ದು ಬದಿಯಡ್ಕ ಪೇಟೆಯಲ್ಲಿ ಸಣ್ಣ ಜೀನಸು ಅಂಗಡಿ. ರಾತ್ರಿ ಬಾಗಿಲು ಹಾಕುವ ಮೊದಲು ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸುವಾಗ ಒಂದೊಂದೇ ನಾಣ್ಯ ಬೆಳಕಿಗೆ ಹಿಡಿದು, ಇಸವಿಯ ಅಡಿಯಲ್ಲಿ ಏನುಂಟು ಅಂತ ನೋಡ್ತಿದ್ರು. ವಜ್ರದ ಆಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ಒಂದು ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕಲ್ಕತ್ತಾ. ನಂಗೆ ಇದನ್ನು ಕಲಿಸಿದ್ದು ಅವ್ರೇ, ನಾನಾಗ ಆರನೇ ಕ್ಲಾಸು. 1985ರ ಒಂದು ರೂಪಾಯಿಯಲ್ಲಿ ಎಚ್ ಅಕ್ಷರ ತೋರಿಸಿ, ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೊಡೆದು ಹಡಗಲ್ಲಿ ಬಂದದ್ದು, ನಮ್ಮ ಟಂಕಸಾಲೆಗಳಿಗೆ ಆಗ ಪೂರೈಸ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ಹೇಳಿದ್ದು ಈಗ್ಲೂ ಕಿವಿಯಲ್ಲುಂಟು. ಒಂದು ರೂಪಾಯಿ ಹಡಗು ಹತ್ತಿ ಬಂದ ಕತೆ ಕೇಳಿದ ಆ ಹುಡುಗ ಮತ್ತೆ ಸುಮ್ಮನೆ ಒಂದು ನಾಣ್ಯವನ್ನೂ ಖರ್ಚು ಮಾಡಿದ್ದಿಲ್ಲ, ಮೊದಲು ತಿರುಗಿಸಿ ನೋಡಿಯೇ ಕೊಡುದು.

ಆ ದಪ್ಪ ಪುಸ್ತಕ ಕ್ರೌಸ್ ಕ್ಯಾಟಲಾಗು. ನಾಣ್ಯ ಸಂಗ್ರಹದವರೆಲ್ಲ ಹಾಗೇ ಹೇಳುದು, ಅಮೆರಿಕದ ಚೆಸ್ಟರ್ ಕ್ರೌಸ್ ಮತ್ತು ಕ್ಲಿಫರ್ಡ್ ಮಿಶ್ಲರ್ ಸೇರಿ 1972ರಲ್ಲಿ ಶುರು ಮಾಡಿದ ಪ್ರಪಂಚದ ನಾಣ್ಯಗಳ ಪಟ್ಟಿ. ಅವರಿಬ್ಬರ ಹೆಸರಿಂದಲೇ ಕೆಎಂ ನಂಬರು ಅಂತ ಬಂದದ್ದು, ಇವತ್ತಿಗೂ ಮಂಗಳೂರಿನ ವ್ಯಾಪಾರಿಗೂ ಮೆಕ್ಸಿಕೋದ ವ್ಯಾಪಾರಿಗೂ ಒಂದೇ ನಾಣ್ಯವನ್ನು ಗುರುತಿಸ್ಲಿಕ್ಕೆ ಆ ನಂಬರೇ ಸಾಕು. ಮಾವನ ಪ್ರತಿಯನ್ನು ಯಾರೋ ದುಬಾಯಿಂದ ತಂದುಕೊಟ್ಟದ್ದಂತೆ. ಅದರಲ್ಲಿ ಪ್ರತಿ ನಾಣ್ಯದ ಎದುರು ನಾಲ್ಕೈದು ಕಾಲಮ್ಮು, ಸವೆದದ್ದಕ್ಕೆ ಒಂದು ರೇಟು, ಸ್ವಲ್ಪ ಸವೆದದ್ದಕ್ಕೆ ಒಂದು, ಕೈಯೇ ಮುಟ್ಟದ ಹೊಸದಕ್ಕೆ ಒಂದು. ಎಲ್ಲ ಡಾಲರಲ್ಲಿ.

ಮಾವ ಮಾಡಿದ್ದೇನಂದ್ರೆ, ಆ ಡಾಲರ್ ರೇಟನ್ನು 45ರಿಂದ ಗುಣಿಸಿ ನೋಟ್‌ಬುಕ್ಕಿಗೆ ಇಳಿಸಿದ್ದು, ಆಗ ಡಾಲರಿಗೆ ಅಷ್ಟಿತ್ತು. ಡಬ್ಬಿ ನನ್ನ ಕೈಗೆ ಬಂದಾಗ ಡಾಲರಿಗೆ 85 ಇತ್ತು, ನಾನು ಅದೇ ಪಟ್ಟಿಯನ್ನು ಅದರಿಂದ ಗುಣಿಸಿ ನೋಡಿದೆ. 1,16,000ದ ಹತ್ತಿರ ಬಂತು! ಒಂದು ಕ್ಷಣ ಖುಷಿಯೇ ಆಯ್ತು, ಆಮೇಲೆ ತಲೆಗೆ ಹೊಳೆದದ್ದು, ಈ ಹದಿನೈದು ವರ್ಷದಲ್ಲಿ ಡಬ್ಬಿಯ ಮುಚ್ಚಳವನ್ನೇ ಯಾರೂ ತೆಗೆದಿಲ್ಲ, ಬದಿಯಡ್ಕದಲ್ಲಿ ಯಾರೂ ಈ ನಾಣ್ಯಕ್ಕೆ ಒಂದು ಪೈಸೆ ಜಾಸ್ತಿ ಕೊಟ್ಟಿಲ್ಲ, ರೂಪಾಯಿ ಬಿದ್ದದ್ದು ಮಾತ್ರ, ಅಷ್ಟಕ್ಕೇ ಮಾವನ ಡಬ್ಬಿಯ ಬೆಲೆ ಸುಮಾರು ಇಮ್ಮಡಿ ಆಗ್ಬೇಕಂತೆ. ಅಲ್ಲಿಂದ ನಂಗೆ ಆ ಅಂಕಿಗಳ ಮೇಲೆ ಸಂಶಯ ಶುರುವಾದ್ದು.

ನೀವೇ ಯೋಚನೆ ಮಾಡಿ, ಅಮೆರಿಕದಲ್ಲಿ ಕೂತು ಪ್ರಪಂಚದ ಎಲ್ಲ ದೇಶದ ನಾಣ್ಯಗಳಿಗೆ ರೇಟು ಹಾಕುವವರಿಗೆ ನಮ್ಮ 1994ರ ಹೈದರಾಬಾದ್ ಟಂಕಸಾಲೆಯ ಒಂದು ರೂಪಾಯಿ ಎಷ್ಟಕ್ಕೆ ಕೈ ಬದಲಾಗ್ತದೆ ಅಂತ ಹೇಗೆ ಗೊತ್ತಾಗ್ಬೇಕು? ಹಳೇ ಚಿನ್ನದ ನಾಣ್ಯವಾದ್ರೆ ಲಂಡನ್ನಿನಲ್ಲೋ ನ್ಯೂಯಾರ್ಕಲ್ಲೋ ಹರಾಜಾಗ್ತದೆ, ದಾಖಲೆ ಇರ್ತದೆ. ಒಂದು ರೂಪಾಯಿ ಸ್ಟೀಲು ನಾಣ್ಯವನ್ನು ಯಾರು ಹರಾಜು ಹಾಕ್ತಾರೆ? ಹಾಗಾಗಿ ಪುಸ್ತಕದಲ್ಲಿ ಆ ಪುಟ ತೆರೆದ್ರೆ ಸಾಲುಸಾಲಾಗಿ ಒಂದೇ ರೇಟು, ಹತ್ತು ಇಸವಿಗೆ ನಾಲ್ಕು ಟಂಕಸಾಲೆಗೆ ಎಲ್ಲದಕ್ಕೂ ಅದೇ. ಆ ಸಣ್ಣ ಅಂಕಿ ನಾಣ್ಯದ ಬೆಲೆಯೂ ಅಲ್ಲ, ಅಂಗಡಿಯವ ಆ ನಾಣ್ಯವನ್ನು ಹುಡುಕಿ, ಕವರಿಗೆ ಹಾಕಿ, ಹೆಸರು ಬರೆದು ನಿಮ್ಮ ಕೈಗೆ ಕೊಡುವ ಕೆಲಸದ ಕೂಲಿ. ಅದನ್ನು ನಾನೂರರಿಂದ ಗುಣಿಸಿದ್ರೆ ನಾನೂರು ಸಲದ ಕೂಲಿ ಬರ್ತದೆ, ಆದ್ರೆ ಕೂಲಿ ಮಾರುವವನಿಗೆ ಸಿಗುವುದಿಲ್ಲವಲ್ಲ.

ಇದನ್ನು ಅರ್ಥ ಮಾಡ್ಲಿಕ್ಕೆ ನಂಗೆ ಸಹಾಯ ಆದದ್ದು ಅಡಿಕೆ. ನಮ್ಮಲ್ಲಿ ಬೆಳಿಗ್ಗೆ ಪೇಪರು ಬಂದ ಕೂಡ್ಲೇ ಮೊದಲು ನೋಡುದು ಅಡಿಕೆ ಧಾರಣೆ. ಹೊಸ ಅಡಿಕೆಗೆ ಇಷ್ಟು, ಹಳೆಯದಕ್ಕೆ ಇಷ್ಟು, ಡಬಲ್ ಚೋಲಿಗೆ ಇಷ್ಟು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಕೆಳದರ್ಜೆಯ ಅಡಿಕೆಗೆ ಇಳಿದು ಹೋಗ್ತದೆ. ಯಾವ ಕೃಷಿಕನೂ ಮೇಲಿನ ರೇಟು ನೋಡಿ ತನ್ನ ಅಟ್ಟದಲ್ಲಿರುವ ಅಷ್ಟೂ ಗೋಣಿಗೆ ಅದನ್ನೇ ಗುಣಿಸುದಿಲ್ಲ, ಅವನಿಗೆ ಗೊತ್ತುಂಟು ತನ್ನದರಲ್ಲಿ ಎಷ್ಟು ಪಟೋರ ಹೋಗ್ತದೆ, ಎಷ್ಟು ಕರಿಗೋಟು ಅಂತ. ಇನ್ನೊಂದು ದೊಡ್ಡ ವಿಷಯ, ಆ ರೇಟಿನ ಹಿಂದೆ ಕೊಳ್ಳುವವ ಇದ್ದಾನೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇವತ್ತು ಇಷ್ಟು ಅಂತ ಹೇಳಿದ್ರೆ ನೀವು ಇವತ್ತೇ ಜೀಪಲ್ಲಿ ಹಾಕ್ಕೊಂಡು ಹೋಗಿ ತೂಕ ಮಾಡಿಸಿ ದುಡ್ಡು ತರ್ಬಹುದು. 1973ರಲ್ಲಿ ಆ ಸಂಸ್ಥೆ ಹುಟ್ಟಿದ್ದೇ ಅಡಿಕೆಗೆ ಅಂಥ ಒಬ್ಬ ಖಾತ್ರಿಯ ಖರೀದಿದಾರ ಬೇಕು ಅಂತ. ನಾಣ್ಯದ ಪುಸ್ತಕಕ್ಕೆ ಅಂಥ ತಕ್ಕಡಿ ಇಲ್ಲ. ರೇಟು ಬರೆದವನು ಆ ರೇಟಿಗೆ ತೆಗೊಳ್ತೇನೆ ಅಂತ ಎಲ್ಲೂ ಹೇಳಿಲ್ಲ. ಈ ಒಂದು ವ್ಯತ್ಯಾಸ ಮಾವನಿಗೆ ಯಾರಾದ್ರೂ ಹೇಳಿದ್ದಿದ್ರೆ ಅಂತ ಎಷ್ಟೋ ಸಲ ಅನ್ನಿಸಿದೆ, ಅವ್ರೂ ಅಡಿಕೆ ಮಾರಿದವ್ರೇ.

ಮತ್ತೆ ಆ ಕಾಲಮ್ಮಿನ ವಿಷಯ. ಮಾವ ಎಲ್ಲದಕ್ಕೂ ಕೊನೇ ಕಾಲಮ್ಮಿನ, ಅಂದ್ರೆ ಹೊಚ್ಚಹೊಸ ನಾಣ್ಯದ ರೇಟೇ ಬರೆದಿದ್ರು. ಯಾಕಂದ್ರೆ ಅವರ ನಾಣ್ಯಗಳು ಹೊಳಿತಿದ್ವು. ಹೊಳಿಲಿಕ್ಕೆ ಕಾರಣ, ದೀಪಾವಳಿಗೆ ಕಾಲುದೀಪ ತೊಳೆಯುವಾಗ ಅತ್ತೆ ಹುಣಸೆಹುಳಿ ಹಾಕಿ ಇವನ್ನೂ ಒಟ್ಟಿಗೆ ತಿಕ್ಕಿಕೊಡ್ತಿದ್ರು. ಅತ್ತೆಯ ಎದುರು ಇದನ್ನು ನಾನು ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಟಂಕಸಾಲೆಯಿಂದ ಬಂದ ನಾಣ್ಯಕ್ಕೆ ಒಂದು ಹೊಳಪು ಇರ್ತದೆ, ಅಚ್ಚಿನ ಒತ್ತಡಕ್ಕೆ ಲೋಹ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ನಿಂತದ್ದರಿಂದ ಬರುವ ಹೊಳಪು ಅದು, ನಾಣ್ಯವನ್ನು ಬೆಳಕಲ್ಲಿ ತಿರುಗಿಸಿದ್ರೆ ಗಾಡಿಚಕ್ರದ ಕಾಲುಗಳ ಹಾಗೆ ಬೆಳಕೂ ತಿರುಗ್ತದೆ. ತಿಕ್ಕಿದ್ರೆ ಆ ಗೆರೆಗಳು ಹೋದ್ವು, ಮತ್ತೆ ಬರುವುದಿಲ್ಲ. ಆಮೇಲೆ ಉಳಿಯುದು ಪಾತ್ರೆಯ ಹೊಳಪು. ಕೊಳ್ಳುವವ ಒಂದೇ ನೋಟದಲ್ಲಿ ಕಂಡುಹಿಡಿತಾನೆ. ಸವೆದು ಕಪ್ಪಾದ ನಾಣ್ಯಕ್ಕಾದ್ರೂ ಒಂದು ರೇಟುಂಟು, ತಿಕ್ಕಿದ ನಾಣ್ಯಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಆಧುನಿಕ ನಾಣ್ಯದಲ್ಲಂತೂ ಬೆಲೆ ಇರುದೆಲ್ಲ ಈ ಗುಣಮಟ್ಟದಲ್ಲೇ. ಕೋಟಿಗಟ್ಟಲೆ ಹೊಡೆದ ನಾಣ್ಯ ಅಪರೂಪ ಆಗುದು ಹೇಗೆ? ಒಂದು ಗೀರೂ ಇಲ್ಲದ ಪ್ರತಿ ಸಿಕ್ಕಿದ್ರೆ ಮಾತ್ರ. ವಿಲಿಯಂ ಶೆಲ್ಡನ್ ಅಂತ ಒಬ್ಬ ಅಮೆರಿಕದವ 1949ರಲ್ಲಿ ಹಳೇ ತಾಮ್ರದ ಸೆಂಟುಗಳಿಗೋಸ್ಕರ 1ರಿಂದ 70ರವರೆಗಿನ ಅಳತೆ ಮಾಡಿದ, ಈಗ ಅದನ್ನೇ ಎಲ್ಲ ನಾಣ್ಯಕ್ಕೂ ಹಾಕ್ತಾರೆ. ಪಿಸಿಜಿಎಸ್, ಎನ್‌ಜಿಸಿ ಅಂತ ಎರಡು ದೊಡ್ಡ ಕಂಪೆನಿಗಳು 1986, 87ರಿಂದ ನಾಣ್ಯ ನೋಡಿ ನಂಬರು ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿ ಕೊಡ್ತಾವೆ. 65ಕ್ಕೂ 67ಕ್ಕೂ ನಡುವೆ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಕೂದಲೆಳೆಯಷ್ಟು, ರೇಟಿನ ವ್ಯತ್ಯಾಸ ಹಲವು ಪಟ್ಟು ಇರ್ಬಹುದು. ಹಾಗಿರುವಾಗ ಪುಸ್ತಕದಲ್ಲಿ "ಹೊಸದು" ಅಂತ ಒಂದೇ ಕಾಲಮ್ಮು ಇದ್ರೆ ಅದು ಯಾವ ಹೊಸದರ ರೇಟು?

ಇಲ್ಲೊಂದು ಮೋಸದ ಲೆಕ್ಕವೂ ಉಂಟು, ಅದನ್ನು ಹೇಳ್ಲೇಬೇಕು. ಈ ಕಂಪೆನಿಗಳು ಯಾವ ನಾಣ್ಯ ಎಷ್ಟು ಬಂತು ಅಂತ ಪಟ್ಟಿ ಇಡ್ತಾವೆ. "ಇಡೀ ಪ್ರಪಂಚದಲ್ಲಿ ಈ ಗ್ರೇಡಿನಲ್ಲಿ ಮೂರೇ ಉಂಟು" ಅಂತ ಮಾರುವವರು ಹೇಳುದು ಆ ಪಟ್ಟಿ ತೋರಿಸಿ. ಮೂರೇ ಇರುದು ಯಾಕಂದ್ರೆ ಮೂರೇ ಜನ ಕಳಿಸಿದ್ದು, ಹತ್ತು ರೂಪಾಯಿ ನಾಣ್ಯಕ್ಕೆ ಸಾವಿರಗಟ್ಟಲೆ ಫೀಸು ಕೊಟ್ಟು ಯಾರು ಕಳಿಸ್ತಾರೆ ಹೇಳಿ. ನ್ಯೂಮಿಸ್ಟಾ ಅಂತ ಒಂದು ಆನ್‌ಲೈನ್ ಕ್ಯಾಟಲಾಗು ಉಂಟು, ಸಂಗ್ರಹಕಾರರೇ ಸೇರಿ ಕಟ್ಟಿದ್ದು, ನಂಗೆ ತುಂಬ ಇಷ್ಟ, ದಿನಾ ನೋಡ್ತೇನೆ. ಅದರಲ್ಲೂ ಅಪರೂಪದ ಅಂಕಿ ಅಂತ ಒಂದು ಬರ್ತದೆ, ಅದರ ಸದಸ್ಯರಲ್ಲಿ ಎಷ್ಟು ಜನರ ಹತ್ರ ಆ ನಾಣ್ಯ ಉಂಟು ಅನ್ನುದರ ಮೇಲೆ ಲೆಕ್ಕ. ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಡಬ್ಬಿಗಳು ಆ ಲೆಕ್ಕಕ್ಕೆ ಸಿಕ್ಕಿಲ್ಲ. ಇಲ್ಲಿ ಬಸ್ಸಿನ ಕಂಡಕ್ಟರ ಚೀಲದಲ್ಲಿ ಇರುವ ನಾಣ್ಯ ಅಲ್ಲಿ ಅಪರೂಪ ಅಂತ ಕಂಡ್ರೆ ಆಶ್ಚರ್ಯ ಇಲ್ಲ.

ಪುಸ್ತಕದ ತಪ್ಪಾದ್ರೂ ಪ್ರಾಮಾಣಿಕ ತಪ್ಪು. ನಂಗೆ ನಿಜವಾಗಿ ಸಿಟ್ಟು ಬರುದು ಇನ್ನೊಂದರ ಮೇಲೆ. ನಮ್ಮ ಪಕ್ಕದ ಮನೆಯ ಅಕ್ಕ ಒಂದು ದಿನ ಐದು ರೂಪಾಯಿ ನಾಣ್ಯ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ್ರು. 2012ರ ಮಾತಾ ವೈಷ್ಣೋದೇವಿಯ ನಾಣ್ಯ. ವಾಟ್ಸಾಪಲ್ಲಿ ಬಂದಿತ್ತಂತೆ, ಇದಕ್ಕೆ ಹತ್ತು ಲಕ್ಷ ಅಂತ. ಅವ್ರು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ನೋಂದಣಿಗೆ ಅಂತ 1,500, ಆಮೇಲೆ ಜಿಎಸ್‌ಟಿ ಅಂತ 6,000 ಕಳಿಸಿಯೂ ಆಗಿತ್ತು. ಮಗಳ ಕಾಲೇಜು ಫೀಸಿಗೆ ಇಟ್ಟ ದುಡ್ಡು. ಆ ನಾಣ್ಯ ಚಲಾವಣೆಗೇ ಬಂದದ್ದು, ಸಂಗ್ರಹಕಾರರ ನಡುವೆ ಕೆಲವು ಹತ್ತು ರೂಪಾಯಿಗಳ ಮಾತು ಅಷ್ಟೇ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ, ಹಳೇ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರ ನಾವು ಮಾಡುದಿಲ್ಲ, ನಮ್ಮ ಹೆಸರಲ್ಲಿ ಕಮಿಷನ್ನು ಕೇಳುವವರನ್ನು ನಂಬ್ಬೇಡಿ ಅಂತ. ಆ ಪ್ರಕಟಣೆ ಅಕ್ಕನವರೆಗೆ ಬರ್ಲಿಲ್ಲ, ಹತ್ತು ಲಕ್ಷದ ಮೆಸೇಜು ಮಾತ್ರ ಬಂತು. ಅದೇ ಊರಲ್ಲಿ ಮೊನ್ನೆಮೊನ್ನೆವರೆಗೆ ಹತ್ತು ರೂಪಾಯಿ ನಾಣ್ಯ ಕೊಟ್ರೆ ನಡಿಯುದಿಲ್ಲ ಅಂತ ವಾಪಸ್ ಕೊಡ್ತಿದ್ರು, 14 ಡಿಸೈನೂ ಚಲಾವಣೆಯಲ್ಲುಂಟು ಅಂತ 2018ರಲ್ಲಿ ರಿಸರ್ವ್ ಬ್ಯಾಂಕು ಹೇಳಿದ ಮೇಲೂ.

ಕೇಳುವ ರೇಟು ಬೇರೆ, ಕೈಗೆ ಬಂದ ರೇಟು ಬೇರೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸ್ ನಾಣ್ಯದ ಡಿಸೈನು ಬದಲಾಗುವಾಗ ಹಳೇ ಅಚ್ಚು ಒಂದು ಬದಿಗೆ, ಹೊಸ ಅಚ್ಚು ಇನ್ನೊಂದು ಬದಿಗೆ ಬಿದ್ದು, ಇಸವಿಯೇ ಇಲ್ಲದ ನಾಣ್ಯಗಳು ಹೊರಗೆ ಬಂದ್ವು. ಆನ್‌ಲೈನಲ್ಲಿ ಸಾವಿರಾರು ಪೌಂಡ್ ಕೇಳಿದವರಿದ್ರು. ಟಂಕಸಾಲೆಯ ಅಂದಾಜಿನ ಪ್ರಕಾರ ಅಂಥವು 50,000ದಿಂದ 2,00,000 ಇರ್ಬಹುದು, ನಿಜವಾಗಿ ಕೈ ಬದಲಾದದ್ದು 50 ಪೌಂಡಿನ ಆಸುಪಾಸಲ್ಲಿ. ಅದು ಕೂಡ ಸಣ್ಣ ದುಡ್ಡಲ್ಲ, ನಿಜವಾದ ತಪ್ಪಚ್ಚು ಅದು. ಆದ್ರೆ ಸಾವಿರದ ಕನಸು ಕಂಡವನಿಗೆ 50 ಸಿಕ್ಕಿದಾಗ ನಷ್ಟ ಆದ ಹಾಗೇ ಅನ್ನಿಸ್ತದೆ.

ಅಮೆರಿಕದ ಇನ್ನೊಂದು ಕತೆ ಓದಿ ನಂಗೆ ನಿದ್ದೆ ಬಂದಿರ್ಲಿಲ್ಲ. 1950ರಲ್ಲಿ ಡೆನ್ವರ್ ಟಂಕಸಾಲೆ ಐದು ಸೆಂಟಿನ ನಿಕ್ಕಲ್ ನಾಣ್ಯವನ್ನು 26 ಲಕ್ಷದಷ್ಟು ಮಾತ್ರ ಹೊಡಿತು, ಆ ಸರಣಿಯಲ್ಲೇ ಅತಿ ಕಡಿಮೆ. ಜನ ಕಟ್ಟುಕಟ್ಟಾಗಿ ಕೂಡಿಟ್ರು. ರೇಟು ಏರ್ತಾ ಏರ್ತಾ 1964ರ ಹೊತ್ತಿಗೆ ಒಂದೊಂದಕ್ಕೆ 30 ಡಾಲರಿನವರೆಗೆ ಹೋಯ್ತು, ಪಟ್ಟಿಗಳಲ್ಲೂ ಅದೇ ರೇಟು ಬಂತು, ಪಟ್ಟಿ ನೋಡಿ ಇನ್ನಷ್ಟು ಜನ ತೆಗೊಂಡ್ರು. ಆಮೇಲೆ ಬಿತ್ತು. ಅರವತ್ತು ವರ್ಷ ಕಳೆದ್ರೂ ಸಾಧಾರಣ ಹೊಸ ಪ್ರತಿಗೆ ಆ ರೇಟು ವಾಪಸ್ ಬಂದಿಲ್ಲ. ಎಲ್ರೂ ಹೊಸದಾಗಿಯೇ ಕೂಡಿಟ್ಟದ್ದರಿಂದ ಹೊಸದು ಎಲ್ರ ಹತ್ರವೂ ಉಂಟು, ಖರ್ಚು ಮಾಡಿದವ ಯಾರೂ ಇಲ್ಲ. ಈಗ ನಮ್ಮಲ್ಲಿ ಸರಕಾರ ಹೊರಡಿಸುವ ಸ್ಮಾರಕ ನಾಣ್ಯಗಳನ್ನು ಕಂಡಾಗೆಲ್ಲ ನಂಗೆ ಇದು ನೆನಪಾಗ್ತದೆ. 2023ರ ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ, 35 ಗ್ರಾಂ ತೂಕ, ಅದರಲ್ಲಿ ಅರ್ಧ ಬೆಳ್ಳಿ, ಚಂದದ ನಾಣ್ಯ, ಮಾರಾಟಕ್ಕೆ ಬಂದದ್ದು ಸಾವಿರಾರು ರೂಪಾಯಿ ರೇಟಿಗೆ. ಚಂದ ಕಂಡು ತೆಗೊಂಡವರ ಬಗ್ಗೆ ನಂಗೆ ಏನೂ ಹೇಳ್ಲಿಕ್ಕಿಲ್ಲ. ಹತ್ತು ವರ್ಷಕ್ಕೆ ಹತ್ತು ಪಟ್ಟು ಆಗ್ತದೆ ಅಂತ ಸಾಲ ಮಾಡಿ ತೆಗೊಳ್ಳುವವರಿಗೆ ಮಾತ್ರ ದಯವಿಟ್ಟು ಒಮ್ಮೆ ಯೋಚಿಸಿ ಅಂತ ಕೇಳಿಕೊಳ್ತೇನೆ, ಹಾಗೆ ಪೆಟ್ಟಿಗೆ ಸಮೇತ ಜೋಪಾನ ಮಾಡಿದವ್ರು ಇನ್ನೂ ಸಾವಿರಾರು ಜನ ಇದ್ದಾರೆ.

ಕೊನೆಗೆ ಡಬ್ಬಿ ಹಿಡ್ಕೊಂಡು ಮಂಗಳೂರಿಗೆ ಹೋದೆ. ವಯಸ್ಸಾದ ವ್ಯಾಪಾರಿ, ತುಂಬ ತಾಳ್ಮೆಯ ಮನುಷ್ಯ. ಡಬ್ಬಿಯನ್ನು ಬಟ್ಟೆಯ ಮೇಲೆ ಸುರಿದು, ಮೊದಲು ಅಯಸ್ಕಾಂತ ಆಡಿಸಿ ಸ್ಟೀಲು ಬೇರೆ, ತಾಮ್ರ-ನಿಕ್ಕಲ್ ಬೇರೆ ಮಾಡಿದ್ರು. ಸ್ಟೀಲಿನ ರಾಶಿಯನ್ನು ನೋಡ್ಲೇ ಇಲ್ಲ. ಮೂರು ಬೆಳ್ಳಿಯ ಹತ್ತು ರೂಪಾಯಿ ಎತ್ತಿಟ್ರು, ಎರಡು 1969ರ ಗಾಂಧಿ ಶತಮಾನೋತ್ಸವದ್ದು, ಒಂದು ಸ್ವಾತಂತ್ರ್ಯದ 25ನೇ ವರ್ಷದ್ದು. ಗಾಂಧಿ ನಾಣ್ಯ 15 ಗ್ರಾಂ, ನೂರಕ್ಕೆ 80 ಬೆಳ್ಳಿ, ಅಂದ್ರೆ 12 ಗ್ರಾಂ ಶುದ್ಧ ಬೆಳ್ಳಿ. ಇನ್ನೊಂದು 22.5 ಗ್ರಾಂ ಇದ್ರೂ ಅರ್ಧವೇ ಬೆಳ್ಳಿ, ಹಾಗಾಗಿ 11 ಗ್ರಾಂ ಚಿಲ್ಲರೆ. ಬೆಳ್ಳಿ ಕಿಲೋಗೆ 40,000 ಇದ್ದಾಗ ಗಾಂಧಿ ನಾಣ್ಯದೊಳಗೆ 480 ರೂಪಾಯಿಯ ಬೆಳ್ಳಿ ಇತ್ತು, ಲಕ್ಷ ಆದಾಗ 1,200ರದ್ದು. ನಾಣ್ಯ ಅದೇ, ಮಾವನ ಪುಸ್ತಕದ ರೇಟು ಅದೇ, ಈಗ ಒಳಗಿನ ಬೆಳ್ಳಿಯೇ ಪುಸ್ತಕದ ರೇಟನ್ನು ದಾಟಿತ್ತು. ಅಂದ್ರೆ ಪುಸ್ತಕ ಯಾವಾಗ್ಲೂ ಜಾಸ್ತಿಯೇ ಹೇಳ್ತದೆ ಅಂತಲೂ ಇಲ್ಲ. ಅಚ್ಚಾದ ದಿನಕ್ಕೆ ಅದು ನಿಂತುಬಿಡ್ತದೆ, ಅಷ್ಟೇ.

ಮೂರಕ್ಕೆ 3,300 ಕೊಟ್ರು. ಉಳಿದದ್ದರಲ್ಲಿ ಹತ್ತೊಂಬತ್ತು ನಾಣ್ಯ ಆರಿಸಿ 1,150. ಬಾಕಿಯದ್ದನ್ನು ವಾಪಸ್ ಡಬ್ಬಿಗೆ ತುಂಬಿ, "ಇದನ್ನು ಮಕ್ಕಳಿಗೆ ಕೊಡಿ, ಕಲಿಲಿ" ಅಂತ ಹೇಳಿದ್ರು. ನಾನು ಪುಸ್ತಕದ ರೇಟಿನ ಮಾತೆತ್ತಿದೆ. ಅವ್ರು ಬೇಜಾರು ಮಾಡ್ಲಿಲ್ಲ. "ನಾನು ಇದನ್ನು ಇವತ್ತು 60ಕ್ಕೆ ತೆಗೊಂಡು 100ಕ್ಕೆ ಮಾರ್ಬೇಕಾದ್ರೆ ಎರಡು ವರ್ಷ ಕಪಾಟಲ್ಲಿ ಇಡ್ಬೇಕು, ಅಷ್ಟರವರೆಗೆ ಬಾಡಿಗೆ ನನ್ನದು, ದುಡ್ಡು ಸಿಕ್ಕಿಕೊಂಡಿರುದೂ ನನ್ನದು" ಅಂತ ಹೇಳಿದ್ರು. ಅದರಲ್ಲಿ ನಂಗೆ ಏನೂ ಸುಳ್ಳು ಕಾಣ್ಲಿಲ್ಲ. ಹರಾಜಿಗೆ ಹಾಕಿದ್ರೂ ಹೀಗೇ, ಕೂಗಿದ ರೇಟಿನ ಮೇಲೆ ಕೊಂಡವ ಕಮಿಷನ್ನು ಕೊಡ್ತಾನೆ, ಮಾರಿದವನ ಕೈಗೆ ಬರುವಾಗ ಅದರಲ್ಲೂ ಒಂದು ಪಾಲು ಹೋಗಿರ್ತದೆ. ಮರುದಿನ ಪಟ್ಟಿಗೆ ಏರುವುದು ಮಾತ್ರ ಎಲ್ಲ ಸೇರಿದ ದೊಡ್ಡ ಅಂಕಿ. ಹಟ ಹಿಡಿದ ಇಬ್ಬರು ಒಂದೇ ದಿನ ಬಂದಿದ್ರೆ ಆ ಅಂಕಿ ಇನ್ನೂ ದೊಡ್ಡದು.

ಇಷ್ಟೆಲ್ಲ ಹೇಳಿದ ಮೇಲೂ ಆ ದಪ್ಪ ಪುಸ್ತಕವನ್ನು ನಾನು ಮೇಜಿನ ಮೇಲೆಯೇ ಇಟ್ಟಿದ್ದೇನೆ. ಹೈದರಾಬಾದಿನ ನಾಣ್ಯಕ್ಕೆ ನಕ್ಷತ್ರ ಮಾತ್ರ ಅಲ್ಲ, ನಡುವೆ ಸೀಳಿದ ವಜ್ರ, ಒಳಗೆ ಚುಕ್ಕೆ ಇರುವ ವಜ್ರವೂ ಇತ್ತು ಅಂತ ಗೊತ್ತಾದ್ದು ಅದರಿಂದ. ಯಾವ ಇಸವಿಯಲ್ಲಿ ಯಾವ ಟಂಕಸಾಲೆ ಹೊಡೆದಿದೆ, ಯಾವಾಗ ಲೋಹ ಬದಲಾಯ್ತು, ಎರಡು ಒಂದೇ ತರ ಕಾಣುವ ನಾಣ್ಯದಲ್ಲಿ ವ್ಯತ್ಯಾಸ ಎಲ್ಲಿ, ಇದಕ್ಕೆಲ್ಲ ಅದರಷ್ಟು ಒಳ್ಳೆ ಗುರು ಇಲ್ಲ. ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಅಂತ ಬರೆದಿದ್ರೆ ಆ ಅಂತರವನ್ನು ಸಾಧಾರಣ ನಂಬ್ತೇನೆ, ಅಂಕಿಯನ್ನು ನಂಬುದಿಲ್ಲ. ಈಗ ರೇಟು ಬೇಕಾದ್ರೆ ಮಾರಾಟ ಮುಗಿದದ್ದನ್ನು ಮಾತ್ರ ನೋಡ್ತೇನೆ, ಒಂದಲ್ಲ, ಏಳೆಂಟು, ಅದರಲ್ಲಿ ಅತಿ ಮೇಲಿನದ್ದು ಅತಿ ಕೆಳಗಿನದ್ದು ಬಿಟ್ಟು. ಏಳೆಂಟು ಸಿಗದಿದ್ರೆ ಆ ನಾಣ್ಯಕ್ಕೆ ಇನ್ನೂ ರೇಟು ಹುಟ್ಟಿಲ್ಲ ಅಂತ ಲೆಕ್ಕ.

ಅತ್ತೆಗೆ 4,450 ರೂಪಾಯಿ ಕೈಯಲ್ಲಿಟ್ಟು ಎಲ್ಲ ಹೇಳಿದೆ, ಹುಣಸೆಹುಳಿಯ ವಿಷಯ ಒಂದು ಬಿಟ್ಟು. ಅವ್ರು ಸುಮಾರು ಹೊತ್ತು ಆ 61,340ನ್ನೇ ನೋಡ್ತಾ ಕೂತ್ರು. "ಅವ್ರು ಇದು ದೊಡ್ಡ ಮೊತ್ತ ಅಂತ ತಿಳ್ಕೊಂಡೇ ಹೋದ್ರು" ಅಂದ್ರು. ಆಮೇಲೆ ಡಬ್ಬಿಗೆ ಕೈ ಹಾಕಿ ಎರಡು ಐದು ರೂಪಾಯಿ ತೆಗೆದಿಟ್ಟುಕೊಂಡ್ರು, 2006ರವು ಎರಡೂ, ಒಂದು ಬಸವೇಶ್ವರರದ್ದು, ಇನ್ನೊಂದು ನಾರಾಯಣ ಗುರುಗಳದ್ದು, ದೇವರಕೋಣೆಗೆ ಬೇಕಂತೆ. ಡಬ್ಬಿ ಮತ್ತೆ ನೋಟ್‌ಬುಕ್ಕು ನನಗೇ ಅಂದ್ರು.

ನೋಟ್‌ಬುಕ್ಕಿನಲ್ಲಿ ಮಾವನ ಎರಡು ಕಾಲಮ್ಮಿನ ಪಕ್ಕ ನಾನು ಮೂರನೇ ಗೆರೆ ಎಳೆದಿದ್ದೇನೆ. ಅದರಲ್ಲಿ ತಾರೀಕು, ಕೊಟ್ಟ ದುಡ್ಡು, ಕೊಂಡದ್ದು ಯಾರು, ಇಷ್ಟೇ. ಇಪ್ಪತ್ತೆರಡು ಸಾಲು ತುಂಬಿದೆ, ಬಾಕಿ ಎಲ್ಲ ಖಾಲಿ. ಮೊನ್ನೆ ನೀರ್ಚಾಲಿನ ಒಬ್ಬ ಹೈಸ್ಕೂಲು ಹುಡುಗ ಬಂದು 1985ರ ಎಚ್ ಅಕ್ಷರದ ರೂಪಾಯಿ ಕೇಳಿದ. ಅದು ಹೇರಳ ಸಿಗ್ತದೆ, ಪೇಟೆಯಲ್ಲಿ ದೊಡ್ಡ ಬೆಲೆ ಏನಿಲ್ಲ ಅಂದೆ. ಗೊತ್ತುಂಟು ಮಾಮ, ಆದ್ರೂ ಬೇಕು ಅಂದ. ಇಪ್ಪತ್ತಮೂರನೇ ಸಾಲಿನಲ್ಲಿ ತಾರೀಕು ಬರೆದು, ಹುಡುಗನ ಹೆಸರು ಬರೆದು, ಎದುರು ಹತ್ತು ರೂಪಾಯಿ ಅಂತ ಬರೆದೆ.